ಎರಡು ಜೇಬಿನ ಮೇಷ್ಟ್ರು

ಯಾರಾದರೂ ಎದುರಿಗೆ ನಿಂತು "ಹಾಗಾಗಿದ್ದರೆ ಎಷ್ಟು ಚೆನ್ನಾಗಿತ್ತು" ಎಂದು ನಿಟ್ಟುಸಿರು ಬಿಟ್ಟರೆ ಸಾಕು, ನಮ್ಮ ಮೇಷ್ಟ್ರು ನಡುರಸ್ತೆಯಾಗಲಿ, ಬಸ್ಸಿನ ಮೆಟ್ಟಿಲಾಗಲಿ, ಹಲ್ಲಿನ ಡಾಕ್ಟರ ಕುರ್ಚಿಯಾಗಲಿ, ಇದ್ದಲ್ಲೇ ನಿಶ್ಚಲರಾಗಿ, ತೋರುಬೆರಳನ್ನು ಮೂಗಿನ ಮಟ್ಟಕ್ಕೆ ಎತ್ತಿ, "ಬಾಗಿಲು ಮುಚ್ಚಿದೆಯೋ, ತೆರೆದಿದೆಯೋ?" ಎಂದು ಕೇಳಿಬಿಡುತ್ತಿದ್ದರು. ಹೊಸಬರು ಗಾಬರಿಯಿಂದ ಹಿಂದೆ ತಿರುಗಿ ನೋಡುತ್ತಿದ್ದರು, ಯಾವ ಬಾಗಿಲು ಎಂದು. ಹಳಬರಾದ ನಮಗೆ ಗೊತ್ತಿತ್ತು, ಅದು ಮರದ ಬಾಗಿಲಲ್ಲ. ಮನುಷ್ಯನ ಬಯಕೆಗಳಲ್ಲಿ ಇನ್ನೂ ಆಗಬಹುದಾದದ್ದು ಯಾವುದು, ಆಗಲಾರದ್ದು ಯಾವುದು ಎಂಬ ವಿಚಾರಣೆ. ಇಂಗ್ಲಿಷಿನಲ್ಲಿ ಮೊದಲನೆಯದು ಹೋಪ್, ಎರಡನೆಯದು ವಿಶ್. ಈ ಎರಡು ಪದಗಳ ನಡುವಿನ ಗೆರೆಯನ್ನು ಕಾಯುವುದಕ್ಕೆಂದೇ ತಾವು ಈ ಭೂಮಿಗೆ ಬಂದದ್ದು ಎಂದು ಅವರು ನಂಬಿದ್ದರು, ಮತ್ತು ಮೂವತ್ತೈದು ವರ್ಷ ಆ ಗೆರೆಯ ಪಹರೆಯಲ್ಲಿ ಒಂದು ದಿನವೂ ರಜೆ ತೆಗೆದುಕೊಂಡವರಲ್ಲ.

ಎತ್ತರದ ಆಳು, ತುಸು ಮುಂದಕ್ಕೆ ಬಾಗಿದ ಬೆನ್ನು, ನಡೆಯುವಾಗ ನೆಲದ ಮೇಲೆ ಏನೋ ಓದಿಕೊಂಡು ಹೋಗುತ್ತಿರುವವರಂತೆ ದೃಷ್ಟಿ. ಆದರೆ ಅವರ ನಡಿಗೆಗೂ ನುಡಿಗೂ ಜನ್ಮಾಂತರದ ವೈರ. ನಡೆಯುವಾಗ ಮಾತು ಬರುತ್ತಿರಲಿಲ್ಲ, ಮಾತಾಡುವಾಗ ಕಾಲು ಬರುತ್ತಿರಲಿಲ್ಲ. ಏನಾದರೂ ಹೇಳಬೇಕೆನ್ನಿಸಿದರೆ ಗಕ್ಕನೆ ನಿಲ್ಲುವರು, ವಾಕ್ಯವನ್ನು ಕರ್ತೃ ಕರ್ಮ ಕ್ರಿಯಾಪದಗಳ ಸಮೇತ ಪೂರ್ತಿ ಮುಗಿಸುವರು, ಪೂರ್ಣವಿರಾಮ ಬಿದ್ದ ಮೇಲೆ ಮತ್ತೆ ಹೊರಡುವರು. ಹತ್ತು ನಿಮಿಷದ ದಾರಿಗೆ ಅವರ ಜೊತೆ ನಲವತ್ತು ನಿಮಿಷ ಹಿಡಿಯುತ್ತಿತ್ತು. ಅವರ ಹೆಂಡತಿ ಮದುವೆಯಾದ ಮೊದಲ ವಾರದಲ್ಲೇ ಇದನ್ನು ಕಂಡುಕೊಂಡು, ಅಂದಿನಿಂದ ಮುಂದೆ ಮುಂದೆ ಒಬ್ಬರೇ ನಡೆದುಹೋಗಿ, ತಲುಪಬೇಕಾದ ಜಾಗದಲ್ಲಿ ಕೂತು ಗಂಡನಿಗಾಗಿ ಕಾಯುವ ಪದ್ಧತಿ ಇಟ್ಟುಕೊಂಡಿದ್ದರು.

ನಾನು ಅವರನ್ನು ಬಲ್ಲದ್ದು ಒಂದು ಪ್ಲೈವುಡ್ ಗೋಡೆಯ ಕೃಪೆಯಿಂದ. ಲಾಂಡ್ರಿಯೊಂದರ ಮೇಲಿನ ಮಹಡಿಯಲ್ಲಿ ಉದ್ದನೆಯ ಒಂದು ಕೋಣೆಯನ್ನು ಎರಡು ಭಾಗ ಮಾಡಿ, ಒಂದರಲ್ಲಿ ನಾನು ಟೈಪಿಂಗ್ ಕಲಿಸುತ್ತಿದ್ದೆ, ಇನ್ನೊಂದರಲ್ಲಿ ಅವರು ಇಂಗ್ಲಿಷ್ ವ್ಯಾಕರಣ ಕಲಿಸುತ್ತಿದ್ದರು. ಕೆಳಗಿನಿಂದ ಬಿಸಿ ಇಸ್ತ್ರಿಯ, ಒದ್ದೆ ಬಟ್ಟೆಯ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ನನ್ನ ಹನ್ನೆರಡು ಯಂತ್ರಗಳ ಗದ್ದಲ ಆ ಕಡೆಗೆ ಹೋಗುತ್ತಿತ್ತು, ಅವರ ಭೂತ ವರ್ತಮಾನ ಭವಿಷ್ಯತ್ತುಗಳು ಈ ಕಡೆಗೆ ಬರುತ್ತಿದ್ದವು. ನನ್ನ ವಿದ್ಯಾರ್ಥಿನಿಯೊಬ್ಬಳು ಒಮ್ಮೆ ಕಂಪನಿಗೆ ಬರೆಯಬೇಕಿದ್ದ ಅರ್ಜಿಯ ನಡುವೆ "ಐ ವಿಶ್ ಐ ವರ್ ಎ ಬರ್ಡ್" ಎಂದು ಟೈಪ್ ಮಾಡಿಟ್ಟಳು. ತಪ್ಪು ಅವಳದಲ್ಲ, ಗೋಡೆಯದು.

ಅವರ ತರಗತಿಗೆ ಬರುತ್ತಿದ್ದವರೆಲ್ಲ ಮೈಬಗ್ಗಿಸಿ ದುಡಿದು ದಣಿದು ಬರುತ್ತಿದ್ದ ದೊಡ್ಡವರು. ನರ್ಸುಗಳು, ಲಾರಿ ಡ್ರೈವರುಗಳು, ಹೋಟೆಲಿನ ಸ್ವಾಗತಕಾರಿಣಿಯರು, ಹಡಗಿನ ಅಡುಗೆಮನೆಗೆ ಸೇರಿಕೊಳ್ಳಲು ಇಂಗ್ಲಿಷ್ ಪರೀಕ್ಷೆ ಪಾಸು ಮಾಡಬೇಕಾಗಿದ್ದ ಒಬ್ಬ ಬೇಕರಿಯವನು. ಅವರಿಗೆ ಮೇಷ್ಟ್ರು ಹೇಳುತ್ತಿದ್ದರು:

"ನಮಗೆಲ್ಲಾ ಒಂದೇ ಮಾತು ಗೊತ್ತು, ಆಸೆ. ಸಿಕ್ಕಿದ್ದಕ್ಕೆಲ್ಲಾ ಆಸೆ ಅಂತೀವಿ. ಬಸ್ಸು ಬೇಗ ಬರಲಿ ಅನ್ನೋದೂ ಆಸೆ, ಹೋದ ಯೌವನ ವಾಪಸ್ಸು ಬರಲಿ ಅನ್ನೋದೂ ಆಸೆ. ಇಂಗ್ಲಿಷ್‌ನೋನು ಹಾಗಲ್ಲಪ್ಪಾ. ಬಸ್ಸಿಗೆ ಐ ಹೋಪ್ ಅಂತಾನೆ. ಯೌವನಕ್ಕೆ ಐ ವಿಶ್ ಅಂತಾನೆ. ವಿಶ್ ಅಂದ ತಕ್ಷಣ ಕ್ರಿಯಾಪದ ಒಂದು ಹೆಜ್ಜೆ ಹಿಂದಕ್ಕೆ ಸರೀಬೇಕು. ಇವತ್ತಿನ ಕೊರತೆಗೆ ನಿನ್ನೆಯ ರೂಪ, ನಿನ್ನೆಯ ಕೊರತೆಗೆ ಮೊನ್ನೆಯ ರೂಪ. ಯಾಕೆ? ಆ ವಸ್ತು ನಿಮ್ಮ ಕೈಗೆ ಎಟುಕೋದಿಲ್ಲ ಅಂತ ನಿಮ್ಮ ಬಾಯಿಗೇ ಗೊತ್ತಿರಲಿ ಅಂತ. ಬರಬಹುದಾದವನಿಗೂ ಬಾರದವನಿಗೂ ಒಂದೇ ಕುರ್ಚಿ ಹಾಕಿ ಕಾಯಬೇಡಿ."

ಒಂದು ಸಂಜೆ ಬೇಕರಿಯವನು ಎದ್ದು ನಿಂತ. "ಸಾರ್, ದಿನಕ್ಕೆ ಹತ್ತು ಕೇಕಿನ ಮೇಲೆ ನಾನೇ ಕ್ರೀಮಲ್ಲಿ ಬರೀತೀನಿ, ವಿಶ್ ಯೂ ಹ್ಯಾಪಿ ಬರ್ತ್‌ಡೇ ಅಂತ. ಹಾಗಾದ್ರೆ ಅವರಿಗೆಲ್ಲಾ ಹುಟ್ಟುಹಬ್ಬ ಸುಖವಾಗಿ ಆಗೋದೇ ಇಲ್ವಾ?" ಈ ಕಡೆ ನನ್ನ ಹನ್ನೆರಡು ಯಂತ್ರಗಳೂ ಒಟ್ಟಿಗೆ ನಿಂತವು. ಆಮೇಲೆ ಮೇಷ್ಟ್ರ ಧ್ವನಿ: "ಕೂತ್ಕೋ. ಅದು ಹಾರೈಕೆಯ ವಿಶ್. ಬೇರೆ ಮನೆತನ. ಹೆಸರು ಒಂದೇ ಇದೆ ಅಂತ ನೆಂಟಸ್ತನ ಹುಡುಕಬೇಡ. ನೀನು ಧಾರಾಳವಾಗಿ ಕೇಕು ಮಾರು."

ಪಾಠ ಹೇಳುವುದು ಬೇರೆ, ಪಾಠದ ಪ್ರಕಾರ ಬದುಕುವುದು ಬೇರೆ ಎಂದು ಲೋಕ ಒಪ್ಪಿಕೊಂಡಿದೆ. ಮೇಷ್ಟ್ರು ಒಪ್ಪಿಕೊಂಡಿರಲಿಲ್ಲ. ಅವರದೊಂದು ಬೂದುಬಣ್ಣದ ಕೋಟಿತ್ತು, ಅವರಿಗಿಂತ ದಪ್ಪನಾದ ಯಾರಿಗೋ ಹೊಲಿದಂತಿದ್ದ ಕೋಟು. ಬಿಸಿಲಿರಲಿ ಚಳಿಯಿರಲಿ ಅದು ಮೈಮೇಲೆ. ಅದರ ಒಳಗೆ ಎರಡು ಜೇಬುಗಳು, ಅವರ ಹೆಂಡತಿ ಆಸ್ಪತ್ರೆಯ ಹಳೆಯ ಹಸಿರು ಬಟ್ಟೆಯಲ್ಲಿ ಹೊಲಿದುಕೊಟ್ಟದ್ದು. ಮನಸ್ಸಿಗೆ ಯಾವ ಬಯಕೆ ಬಂದರೂ ಮೇಷ್ಟ್ರು ಹಳೆಯ ಪ್ರಶ್ನೆಪತ್ರಿಕೆಯ ಬೆನ್ನಿನಿಂದ ಹೆಬ್ಬೆರಳುದ್ದದ ಚೀಟಿ ಕತ್ತರಿಸಿ, ಅದರ ಮೇಲೆ ಒಂದೆರಡು ಪದ ಬರೆದು ಜೇಬಿಗೆ ಹಾಕುವರು. ಆಗಬಹುದಾದದ್ದು ಬಲ ಜೇಬಿಗೆ, ಆಗಲಾರದ್ದು ಎಡ ಜೇಬಿಗೆ. ತಿಂಗಳ ಮೊದಲನೆಯ ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಎಲ್ಲವನ್ನೂ ಹರಡಿಕೊಂಡು ಮರುಪರಿಶೀಲನೆ. ನೆರವೇರಿದ್ದನ್ನು ಹರಿದು ಹಾಕುವರು. ಜೀವ ಬಿಟ್ಟದ್ದನ್ನು ಬಲದಿಂದ ಎಡಕ್ಕೆ ವರ್ಗ ಮಾಡುವರು.

ಇದರಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಬಲ ಜೇಬಿನಲ್ಲಿರುವ ಪ್ರತಿ ಚೀಟಿಗೂ ತಿಂಗಳಿಗೊಂದಾದರೂ ಕೆಲಸ ನಡೆಯಲೇಬೇಕು: ಒಂದು ಕಾಗದ, ಒಂದು ಭೇಟಿ, ಕೊನೆಯ ಪಕ್ಷ ಒಂದು ವಿಚಾರಣೆ. ಕೈಕಟ್ಟಿ ಕೂತು ಹೋಪ್ ಎಂದು ಹೇಳುವವನು ಸುಳ್ಳ ಎಂಬುದು ಅವರ ಸಿದ್ಧಾಂತ. "ಮಹಡಿಗೆ ಇನ್ನೊಂದು ಕಿಟಕಿ" ಎಂಬ ಚೀಟಿ ಬಲ ಜೇಬಿನಲ್ಲಿದ್ದ ಎರಡು ವರ್ಷ ನಮ್ಮ ಕಟ್ಟಡದ ಮಾಲೀಕ ಪ್ರತಿ ತಿಂಗಳೂ ಮೇಷ್ಟ್ರನ್ನು ನೋಡಬೇಕಾಗಿ ಬಂತು. ಕಡೆಗೆ ಅವರ ಕಾಟ ತಾಳಲಾರದೆ ಕಿಟಕಿ ಒಡೆಸಿಕೊಟ್ಟ. ಎಡ ಜೇಬಿನ ಚೀಟಿಗಳಿಗೆ ಈ ರಗಳೆಯಿಲ್ಲ. ಒಂದು ನಿಟ್ಟುಸಿರು ಹಾಕಿದರೆ ಮುಗಿಯಿತು. "ಅಪ್ಪನ ಜೊತೆ ಒಂದು ಆಟ ಚೆಸ್" ಎಂದಿತ್ತು ಒಂದರ ಮೇಲೆ. ಅವರಪ್ಪ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು.

ಆ ಎಡ ಜೇಬಿನಲ್ಲೇ ಇನ್ನೊಂದು ಚೀಟಿ ಒಂಬತ್ತು ವರ್ಷದಿಂದ ಮಲಗಿತ್ತು. ಅದರ ಮೇಲೆ ಒಂದೇ ಪದ: "ಅಕ್ಕ".

ಅಕ್ಕ ಗಟ್ಟಿಮುಟ್ಟಾಗಿಯೇ ಇದ್ದರು. ಮೇಷ್ಟ್ರ ಮನೆಯಿಂದ ಮೂರೇ ಬೀದಿ ಆಚೆ ಅವರದೊಂದು ಗುಂಡಿಯ ಅಂಗಡಿ. ಅಂಗಿಯ ಗುಂಡಿ, ಕೋಟಿನ ಗುಂಡಿ, ದಾರ, ಜಿಪ್ಪು, ಲೇಸು. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದಾಕೆ. ಮೇಷ್ಟ್ರಿಗೆ ಇಂಗ್ಲಿಷ್ ಓದಿಸಿದ್ದೂ ಆ ಅಂಗಡಿಯೇ. ಅಕ್ಕನಿಗೆ ಒಬ್ಬಳೇ ಮಗಳು. ಅಂಗಡಿಗೆ ನಲವತ್ತು ವರ್ಷ ತುಂಬಿದ ದಿನ ನೆಂಟರಿಷ್ಟರು ಹದಿನೈದು ಮಂದಿ ಮನೆಯಲ್ಲಿ ಸೇರಿದ್ದಾಗ ಅಕ್ಕ ಟೀ ಹಂಚುತ್ತಾ, ಹೆಮ್ಮೆಯಿಂದ, "ನೋಡ್ತಾ ಇರಿ, ನಮ್ಮ ಹುಡುಗಿ ಡಾಕ್ಟರ್ ಆಗ್ತಾಳೆ" ಎಂದರು. ಹುಡುಗಿಯ ಅಂಕಪಟ್ಟಿಯನ್ನು ಹಿಂದಿನ ವಾರವಷ್ಟೇ ನೋಡಿದ್ದ ಮೇಷ್ಟ್ರ ತೋರುಬೆರಳು ಮೂಗಿನ ಮಟ್ಟಕ್ಕೆ ಏರಿತು.

"ಅಕ್ಕ, ಅದು ಹೋಪ್ ಅಲ್ಲ. ವಿಶ್."

ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ನೆಂಟರಿಗೆ ಅರ್ಥವಾಗುತ್ತಿರಲಿಲ್ಲ, ಪ್ರಪಂಚ ಮುಂದಕ್ಕೆ ಹೋಗುತ್ತಿತ್ತು. ಆದರೆ ಎದುರಿಗೆ ಪಿಳಿಪಿಳಿ ಕಣ್ಣು ಬಿಡುವ ಹದಿನೈದು ಮುಖಗಳನ್ನು ಕಂಡರೆ ಮೇಷ್ಟ್ರಾದವನು ಸುಮ್ಮನಿರಲು ಸಾಧ್ಯವೇ? ಎದ್ದು ನಿಂತು, ಉದಾಹರಣೆ ಸಹಿತವಾಗಿ, ಶುದ್ಧ ಕನ್ನಡದಲ್ಲಿ ವಿವರಿಸಿದರು. ಅಕ್ಕ ತಟ್ಟೆಯನ್ನು ಕೆಳಗಿಟ್ಟರು. "ಇನ್ಮೇಲೆ ನೀನು ನನ್ನ ಹತ್ರ ಮಾತಾಡಬೇಡ" ಎಂದರು. ಆ ವರ್ಷ ಹುಡುಗಿಗೆ ವೈದ್ಯಕೀಯದ ಸೀಟು ಸಿಗಲಿಲ್ಲ. ತಮ್ಮನ ಮಾತು ಸರಿಯಾಗಿತ್ತೆಂದು ರುಜುವಾತಾಯಿತು, ಅಲ್ಲಿಗೆ ಕೆಲಸ ಪೂರಾ ಕೆಟ್ಟಿತು.

ಮೊದಲ ತಿಂಗಳು ಆ ಚೀಟಿ ಬಲ ಜೇಬಿನಲ್ಲೇ ಇತ್ತು. ನಿಯಮದ ಪ್ರಕಾರ ಮೇಷ್ಟ್ರು ಅಂಗಡಿಯವರೆಗೆ ಹೋದರು. ಅಕ್ಕ ಮುಖ ಎತ್ತಲಿಲ್ಲ. ಬಾಗಿಲಲ್ಲಿ ಎರಡು ನಿಮಿಷ ನಿಂತು ಹಿಂದಿರುಗಿದರು. ಮುಂದಿನ ತಿಂಗಳ ಮೊದಲ ಭಾನುವಾರ ಚೀಟಿ ಎಡಕ್ಕೆ ವರ್ಗವಾಯಿತು. ಅಂದಿನಿಂದ ಅವರು ಆ ಬೀದಿಯನ್ನೇ ಬಿಟ್ಟು, ಸುತ್ತು ಹಾಕಿಕೊಂಡು ತರಗತಿಗೆ ಬರತೊಡಗಿದರು. ಅವರ ಹೆಂಡತಿ ಮಾತ್ರ ಸೂಜಿ ದಾರಕ್ಕೆಂದು ವಾರಕ್ಕೊಮ್ಮೆ ಅತ್ತಿಗೆಯ ಅಂಗಡಿಗೆ ಹೋಗಿ, ಗಂಟೆಗಟ್ಟಲೆ ಹರಟೆ ಹೊಡೆದು ಬರುತ್ತಿದ್ದರು. ಅಕ್ಕನ ನಿಷೇಧ ಕೇವಲ ಒಬ್ಬ ವ್ಯಕ್ತಿಗೆ ಅನ್ವಯವಾಗುವಂಥದ್ದು.

ಈ ಒಂಬತ್ತು ವರ್ಷದಲ್ಲಿ ಮೇಷ್ಟ್ರು ನನ್ನ ಮುಂದೆ ಅಕ್ಕನ ವಿಷಯ ಎತ್ತಿದ್ದು ಒಂದೇ ಸಲ. ಮೆಟ್ಟಿಲಿಳಿಯುತ್ತಾ ಅರ್ಧದಲ್ಲಿ ನಿಂತು, "ಏನ್ರೀ, ಸರಿಯಾದದ್ದನ್ನ ಹೇಳಿದ್ದಕ್ಕೆ ಮನುಷ್ಯ ಎಷ್ಟು ವರ್ಷ ಶಿಕ್ಷೆ ಅನುಭವಿಸಬೇಕು?" ಎಂದರು. ಹಿಂದೆ ಇಳಿಯುತ್ತಿದ್ದವರೆಲ್ಲ ನಮ್ಮಿಬ್ಬರ ಬೆನ್ನಿಗೆ ಬಂದು ನಿಂತಿದ್ದರು. ಮೇಷ್ಟ್ರು ಮಾತು ಮುಗಿಸಿದ್ದರಿಂದ ಮತ್ತೆ ಇಳಿಯತೊಡಗಿದರು.

ಒಂಬತ್ತನೆಯ ವರ್ಷ ಚಳಿ ಮುಗಿಯುವ ಹೊತ್ತಿಗೆ ಅವರಿಗೆ ಜ್ವರ ಬಂದು ಎಂಟು ದಿನ ಹಾಸಿಗೆ ಹಿಡಿದರು. ಇದೇ ಸಮಯವೆಂದು ಅವರ ಹೆಂಡತಿ ಆ ಕೋಟನ್ನು ಒಯ್ದು ನಮ್ಮ ಕೆಳಗಿನ ಲಾಂಡ್ರಿಗೆ ಕೊಟ್ಟರು. ಆಕೆ ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ವಾರ್ಡು ನೋಡಿಕೊಂಡವರು. ನಿವೃತ್ತರಾದ ಮೇಲೂ ಇಡೀ ಬೀದಿಗೆ ನರ್ಸಮ್ಮ. ಕೊಳಕು ಕಂಡರೆ ಸಹಿಸರು. ಕೋಟು ಕೊಡುವಾಗ ಜೇಬಿನ ನೆನಪಾಗಲಿಲ್ಲ. ಲಾಂಡ್ರಿಯವನು ಪ್ರಾಮಾಣಿಕತೆಗೆ ಎತ್ತಿದ ಕೈ. ನೀರಿಗೆ ಹಾಕುವ ಮುಂಚೆ ಎರಡೂ ಜೇಬು ಸೋಸಿ, ಸಿಕ್ಕ ಚೀಟಿಗಳನ್ನೆಲ್ಲಾ ಒಂದೇ ಲಕೋಟೆಗೆ ತುಂಬಿ, ಇಸ್ತ್ರಿ ಮಾಡಿದ ಕೋಟಿನ ಜೊತೆ ಭಾನುವಾರ ಬೆಳಿಗ್ಗೆ ತಾನೇ ಮನೆಗೆ ತಂದುಕೊಟ್ಟ. ಟೈಪು ಮಾಡಿದ ಪ್ರಶ್ನೆಪತ್ರಿಕೆ ಕೊಡಲು ಹೋಗಿದ್ದ ನಾನೂ ಅಲ್ಲಿದ್ದೆ.

"ಎಣಿಸ್ಕೊಳ್ಳಿ ಸಾರ್. ಅರವತ್ಮೂರು. ಒಂದೂ ಕಳೆದಿಲ್ಲ" ಎಂದ ಆತ, ಬಹುಮಾನ ನಿರೀಕ್ಷಿಸುವ ಮುಖದಲ್ಲಿ.

ಮೇಷ್ಟ್ರು ಲಕೋಟೆಯೊಳಗೆ ಇಣುಕಿದರು. ಜ್ವರ ಬಿಟ್ಟ ಮುಖ ಇನ್ನಷ್ಟು ಬಿಳಿಚಿಕೊಂಡಿತು. "ಕಳೆದಿಲ್ಲ ಮಾರಾಯಾ, ಎಲ್ಲಾ ಕಲೆಸಿಬಿಟ್ಟಿದ್ದೀಯ" ಎಂದರು.

ಅರವತ್ತಮೂರು ಚೀಟಿಗಳೂ ಮೇಜಿನ ಮೇಲೆ ಬಿದ್ದವು. ವಾಕ್ಯ ಪೂರ್ತಿ ಬರೆದಿದ್ದರೆ ಕ್ರಿಯಾಪದ ನೋಡಿ ಜೇಬು ಹೇಳಬಹುದಿತ್ತು. ಆದರೆ ಜಾಗ ಉಳಿಸಲು ಅವರು ಬರೀ ನಾಮಪದಗಳನ್ನು ಬರೆದಿದ್ದರು. "ಮೊಣಕಾಲು." ಅದು ನೋವು ಹೋಗಲಿ ಎಂದು ಬರೆದದ್ದೋ, ಹಿಂದಿನ ಹಾಗೆ ಓಡುವಂತಿದ್ದರೆ ಎಂದು ಬರೆದದ್ದೋ? "ಸಮುದ್ರ." "ಬೇಕರಿಯವನು." "ಕೊಳಲು." ಮೇಷ್ಟ್ರು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುವರು, ಬಲಕ್ಕೆ ಇಡುವರು, ತಲೆಯಾಡಿಸಿ ಎಡಕ್ಕೆ ಸರಿಸುವರು, ಮತ್ತೆ ನಡುವಿಗೆ ತರುವರು. ಸ್ವತಃ ವಿದ್ಯಾರ್ಥಿಯಾಗಿ ಕೂತು ತಮ್ಮದೇ ಪರೀಕ್ಷೆಯಲ್ಲಿ ಮೇಷ್ಟ್ರು ಬೆವರುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಪ್ರಶ್ನೆಪತ್ರಿಕೆಯಿಂದ ಮುಖ ಮುಚ್ಚಿಕೊಂಡೆ.

ಒಂದು ಚೀಟಿಯ ಬಗ್ಗೆ ಮಾತ್ರ ಅವರಿಗೆ ಸಂಶಯವಿರಲಿಲ್ಲ. ಅದನ್ನು ಕಂಡ ತಕ್ಷಣ ಎತ್ತಿ ಎಡಗಡೆ ಇಟ್ಟರು. ನರ್ಸಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದವರು, ಬಾಗಿ ನೋಡಿ, ಅದನ್ನು ಎರಡು ಬೆರಳಲ್ಲಿ ಎತ್ತಿ ಬಲಗಡೆ ಇಟ್ಟರು.

"ಅದು ಎಡದ್ದು. ನನಗೆ ಚೆನ್ನಾಗಿ ಜ್ಞಾಪಕ ಇದೆ" ಎಂದರು ಮೇಷ್ಟ್ರು.

"ನಿಮಗೆ ಜ್ಞಾಪಕ ಇರೋದು ಜೇಬು. ಅದಿರಲಿ, ಮನುಷ್ಯರು ಬದುಕಿದ್ದಾರೋ ಇಲ್ವೋ?"

"ಯಾರು?"

"ಯಾರು ಅಂತೆ! ನಿಮ್ಮಕ್ಕ."

"ಇದ್ದಾರೆ."

"ಉಸಿರಾಡ್ತಿದ್ದಾರೆ, ಓಡಾಡ್ತಿದ್ದಾರೆ, ಮೂರು ಬೀದಿ ಆಚೆ ಒಂಬತ್ತು ಗಂಟೆಗೆ ಅಂಗಡಿ ತೆಗೀತಾರೆ. ಬಲ ಜೇಬು."

"ಬದುಕಿದ್ದ ಮಾತ್ರಕ್ಕೆ ಹೋಪ್ ಆಗೋದಿಲ್ಲ ಕಣೇ. ವ್ಯಾಕರಣ..."

"ನಿಮ್ಮ ವ್ಯಾಕರಣ ನಿಮ್ಮ ಹತ್ರ ಇರಲಿ. ಮೂವತ್ತು ವರ್ಷ ವಾರ್ಡಿನಲ್ಲಿ ನಾನು ಕಲಿತಿರೋದು ಇಷ್ಟೇ. ಉಸಿರಿರೋ ತನಕ ಮಂಚ ಖಾಲಿ ಮಾಡಿಸಬಾರದು." ಹಾಗೆಂದವರೇ ಕುರ್ಚಿ ಎಳೆದು ಕೂತು, ಉಳಿದ ಅರವತ್ತೆರಡನ್ನೂ ಅದೇ ಸೂತ್ರದ ಮೇಲೆ ಚಕಚಕನೆ ವಿಂಗಡಿಸಿಬಿಟ್ಟರು. ಬೇಕರಿಯವನು ಬಲಕ್ಕೆ, ಸಮುದ್ರ ಬಲಕ್ಕೆ ("ಬಸ್ಸಿದೆ, ಹೋಗೋಣ"), ಕೊಳಲು ಬಲಕ್ಕೆ ("ಬೆರಳಿದೆಯಲ್ಲ"). ಅಪ್ಪನ ಚೆಸ್ ಒಂದನ್ನು ಮಾತ್ರ ಕೈಯಲ್ಲಿ ಹಿಡಿದು, ಮೆಲ್ಲಗೆ ಎಡಕ್ಕೆ ಇಟ್ಟರು.

ಮೇಷ್ಟ್ರನ್ನು ಕಟ್ಟಿಹಾಕಿದ್ದು ಹೆಂಡತಿಯ ಮಾತಲ್ಲ, ತಮ್ಮದೇ ನಿಯಮ. ಬಲ ಜೇಬಿಗೆ ಬಂದ ಚೀಟಿಗೆ ಆ ತಿಂಗಳೇ ಕೆಲಸ ನಡೆಯಬೇಕು. ಒಂಬತ್ತು ವರ್ಷ ಎಡ ಜೇಬು ಅವರನ್ನು ಕಾಪಾಡಿತ್ತು. ಆಗಲಾರದು ಎಂದು ಬರೆದಿಟ್ಟರೆ ಹೋಗಿ ಬಾಗಿಲಲ್ಲಿ ನಿಲ್ಲಬೇಕಾಗಿಲ್ಲ, ಮುಖ ತಿರುಗಿಸಿಕೊಂಡದ್ದನ್ನು ನೋಡಬೇಕಾಗಿಲ್ಲ. ಇದು ಅವರಿಗೆ ಆ ಕ್ಷಣ ತಿಳಿಯಿತೆಂದು ನನಗೆ ಕಂಡಿತು, ಏಕೆಂದರೆ ಅವರು ಇದ್ದಕ್ಕಿದ್ದ ಹಾಗೆ ಸಣ್ಣ ಹುಡುಗನಂತೆ ಹೆಂಡತಿಯ ಮುಖ ನೋಡಿದರು. "ಏನಂತ ಹೇಳಲೇ?" ಎಂದರು.

"ಏನೋ ಒಂದು ಹೇಳಿ. ಉದಾಹರಣೆ ಮಾತ್ರ ಕೊಡಬೇಡಿ" ಎಂದು ನರ್ಸಮ್ಮ ಕೋಟು ತೊಡಿಸಿ, ನನ್ನ ಕಡೆ ತಿರುಗಿ, "ನೀವು ಜೊತೆಗೆ ಹೋಗಿ. ಮಧ್ಯೆ ನಿಂತರೆ ಹಿಂದಿನಿಂದ ದಬ್ಬಿ" ಎಂದರು.

ದಬ್ಬಬೇಕಾಗಿ ಬರಲಿಲ್ಲ. ಅಂದು ಮೇಷ್ಟ್ರು ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ, ಆದ್ದರಿಂದ ಎಲ್ಲೂ ನಿಲ್ಲಲೂ ಇಲ್ಲ. ಅವರ ಹಿಂದೆ ಓಡಿ ನನಗೆ ಏದುಸಿರು ಬಂತು.

ಗುಂಡಿಯ ಅಂಗಡಿ ಒಂದು ಕಿರಿದಾದ ಓಣಿಯಷ್ಟೇ ಅಗಲ. ಎರಡೂ ಗೋಡೆಗೆ ಸೂರಿನವರೆಗೆ ಸಣ್ಣ ಸಣ್ಣ ಮರದ ಡ್ರಾಯರುಗಳು, ಪ್ರತಿ ಡ್ರಾಯರಿನ ಮುಖದ ಮೇಲೆ ಒಳಗಿರುವ ಗುಂಡಿಯ ಒಂದೊಂದು ಮಾದರಿ. ಹಿಂದುಗಡೆ ಪರದೆಯಾಚೆ ಅಕ್ಕನ ಮಗಳ ಕೆಲಸದ ಮೇಜು. ಆಕೆ ಈಗ ದಂತವೈದ್ಯರಿಗೆ ಕಟ್ಟುಹಲ್ಲು ತಯಾರಿಸಿಕೊಡುತ್ತಿದ್ದಳು. ಅಲ್ಲಿಂದ ಸಣ್ಣಗೆ ಉಜ್ಜುವ ಯಂತ್ರದ ಸದ್ದು. ಗಲ್ಲಾದ ಹಿಂದೆ ಅಕ್ಕ, ಮೂಗಿನ ತುದಿಗೆ ಕನ್ನಡಕ, ಕೊರಳಲ್ಲಿ ಅಳತೆಯ ಟೇಪು. ಮುಂದೆ ಇಬ್ಬರು ಗಿರಾಕಿಗಳು. ಮೇಷ್ಟ್ರು ಅವರ ಹಿಂದೆ ಸಾಲಿನಲ್ಲಿ ನಿಂತರು. ನಾನು ಬಾಗಿಲ ಮರೆಯಲ್ಲಿ.

ಹೆಂಗಸೊಬ್ಬಳು ಜಿಪ್ಪು ಕೊಂಡು ಹೋದಳು. ದರ್ಜಿಯೊಬ್ಬ ಎರಡು ಡಜನ್ ಹುಕ್ಕು ಕೊಂಡು ಹೋದ. ಅಕ್ಕ ತಲೆ ತಗ್ಗಿಸಿ ಹುಕ್ಕಿನ ಡಬ್ಬಿ ಮುಚ್ಚುತ್ತಲೇ, ದಿನಕ್ಕೆ ಇನ್ನೂರು ಸಲ ಕೇಳುವ ಅಭ್ಯಾಸಬಲದಿಂದ ಕೇಳಿದರು:

"ಏನು ಬೇಕು?"

ಮೂವತ್ತೈದು ವರ್ಷ ಜನರ ಬಯಕೆಗಳನ್ನು ತಿದ್ದಿದ ಮನುಷ್ಯ ತಬ್ಬಿಬ್ಬಾಗಿ ನಿಂತುಬಿಟ್ಟರು. ತೋರುಬೆರಳು ಅರ್ಧಕ್ಕೆ ಎದ್ದು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಕೆಳಗಿಳಿಯಿತು. ಉತ್ತರ ಬರದ್ದರಿಂದ ಅಕ್ಕ ತಲೆ ಎತ್ತಿದರು. ಕನ್ನಡಕದ ಮೇಲಿನಿಂದ ನೋಡಿದರು. ಅವರ ಮುಖ ಗಂಟಿಕ್ಕಿತು.

"ನೀನು ಮಾತಾಡಬೇಕು" ಎಂದರು ಮೇಷ್ಟ್ರು. "ಅದು ಬೇಕು, ಅಕ್ಕ."

ಒಂದು ಗಳಿಗೆ ಪರದೆಯಾಚೆಯ ಯಂತ್ರವೂ ನಿಂತಿತು.

"ಅವತ್ತು ನಾನು ಹಾಗೆ ಹೇಳಬಾರದಾಗಿತ್ತು. ತಪ್ಪಾಯ್ತು."

"ನೀನು ಹೇಳಿದ್ದು ಸುಳ್ಳಾಗಿರಲಿಲ್ಲ" ಎಂದರು ಅಕ್ಕ. "ಅದಕ್ಕೇ ಕೋಪ ಬಂದಿದ್ದು. ಸುಳ್ಳಾಗಿದ್ರೆ ಮಾರನೇ ದಿನಾನೇ ಮರೆತು ಕರೀತಿದ್ದೆ. ಒಂದು ದಿನದ ಮಟ್ಟಿಗೆ ಹದಿನೈದು ಜನದ ಮುಂದೆ ನಾನು ಖುಷಿಯಾಗಿರಬಾರದಾ? ಅಷ್ಟೂ ಬಿಡೋಕೆ ಆಗಲಿಲ್ಲ ನಿನಗೆ. ಹಾಳು ಇಂಗ್ಲಿಷ್! ನಾನೇ ಓದಿಸಿದ್ದು ಬೇರೆ." ಕಣ್ಣೊರೆಸಿಕೊಂಡವರು, ಇದ್ದಕ್ಕಿದ್ದಂತೆ ಗಲ್ಲಾದ ಮೇಲೆ ಬಾಗಿ ತಮ್ಮನ ಎದೆಯ ಕಡೆ ಕಣ್ಣು ಕಿರಿದು ಮಾಡಿದರು. "ಇದೇನೋ ಇದು? ಕೋಟಿಗೆ ಶರ್ಟಿನ ಗುಂಡಿ! ಅದೂ ಬಿಳೀದು! ಯಾವ ಕುರುಡ ಹಾಕಿದ್ದು?"

ಲಾಂಡ್ರಿಯವನ ಪ್ರಾಮಾಣಿಕತೆ ಗುಂಡಿಯವರೆಗೆ ತಲುಪಿರಲಿಲ್ಲವೆಂದು ಕಾಣುತ್ತದೆ. ಒಗೆಯುವಾಗ ಒಡೆದ ಗುಂಡಿಯ ಜಾಗಕ್ಕೆ ಕೈಗೆ ಸಿಕ್ಕದ್ದನ್ನು ಹಾಕಿಕೊಟ್ಟಿದ್ದ. ಅಕ್ಕ ಕತ್ತರಿ ತಂದು ಕಚಕ್ಕನೆ ಅದನ್ನು ಕತ್ತರಿಸಿ ಎಸೆದು, ಮೇಲಿನ ಸಾಲಿನ ಡ್ರಾಯರಿನಿಂದ ಬೂದುಬಣ್ಣದ ಕೋಟಿನ ಗುಂಡಿ ತೆಗೆದು, ಕೋಟು ಬಿಚ್ಚಲೂ ಬಿಡದೆ ನಿಂತಲ್ಲೇ ಹೊಲಿಯತೊಡಗಿದರು. ಹೊಲಿಯುತ್ತಾ ಹೊಲಿಯುತ್ತಾ ಬೈದರು. ಒಂಬತ್ತು ವರ್ಷದ ಬೈಗುಳ, ಒಂದು ದಿನದ್ದೂ ಬಾಕಿ ಉಳಿಸದ ಹಾಗೆ. ಕಾಯಿಲೆಯಾದರೆ ಹೇಳಿ ಕಳಿಸಲಿಲ್ಲ ಎಂದು ಬೈದರು, ಸೊರಗಿದ್ದೀಯ ಎಂದು ಬೈದರು, ಒಂದೇ ಸಲ ಬಂದು ಹೆದರಿ ಓಡಿಹೋದೆಯಲ್ಲ, ಇನ್ನೊಂದು ಸಲ ಬಂದಿದ್ದರೆ ಸತ್ತುಹೋಗುತ್ತಿದ್ದೆಯಾ ಎಂದು ಬೈದರು. "ಅಲ್ಲಾಡಬೇಡ, ಸೂಜಿ ಚುಚ್ಚೀತು" ಎಂದೂ ಬೈದರು. ಮೇಷ್ಟ್ರು ಅಲ್ಲಾಡದೆ ನಿಂತು ಕೇಳಿದರು. ಅವರಷ್ಟು ಸಂತೋಷದಿಂದ ಬೈಸಿಕೊಂಡ ಮನುಷ್ಯನನ್ನು ನಾನು ನೋಡಿಲ್ಲ. ಕಣ್ಣಿಂದ ಧಾರಾಕಾರವಾಗಿ ನೀರು ಸುರಿಯುತ್ತಿತ್ತು, ಹಲ್ಲೆಲ್ಲಾ ಕಾಣುವಂತೆ ನಗುತ್ತಿದ್ದರು.

ಆಗ ಪರದೆ ಸರಿಸಿಕೊಂಡು ಮಗಳು ಹೊರಗೆ ಬಂದಳು. ಕೈಯಲ್ಲಿ ಅರ್ಧ ಉಜ್ಜಿದ ಮೇಲ್ದವಡೆಯ ಒಂದು ಸೆಟ್ಟು.

"ಅಮ್ಮ, ಒಂದು ಮಾತು ಹೇಳ್ತೀನಿ, ಸೂಜಿ ಕೆಳಗಿಡು. ಅವತ್ತು ಮಾವ ಹಾಗಂದ ಮೇಲೆ ನನಗೆ ಎಷ್ಟು ನಿರಾಳ ಆಯ್ತು ಗೊತ್ತಾ? ರಕ್ತ ಕಂಡ್ರೆ ನನಗೆ ತಲೆ ಸುತ್ತುತ್ತೆ. ಡಾಕ್ಟರ್ ಆಗೋದು ನನಗೆ ಯಾವತ್ತೂ ಇಷ್ಟ ಇರಲಿಲ್ಲ."

ಅಕ್ಕ ಬಾಯಿ ಬಿಟ್ಟುಕೊಂಡು ನೋಡಿದರು. "ಮತ್ತೆ ಒಂಬತ್ತು ವರ್ಷ ಯಾಕೆ ಬಾಯಿ ಬಿಡಲಿಲ್ಲ?"

"ಬೈಗುಳವೆಲ್ಲಾ ಮಾವನ ಪಾಲಿಗೆ ಹೋಗ್ತಿತ್ತು. ನಾನ್ಯಾಕೆ ಅಡ್ಡ ಬರಲಿ ಅಂತ ಸುಮ್ಮನಿದ್ದೆ" ಎಂದಳು ಆಕೆ. ಆಮೇಲೆ ಮಾವನ ಬಳಿಗೆ ಬಂದು, ಅವರ ನಗುವನ್ನು ತಜ್ಞೆಯ ದೃಷ್ಟಿಯಿಂದ ಪರೀಕ್ಷಿಸಿ, "ಮಾವ, ಕೆಳಗಡೆ ಎರಡು ಅಲ್ಲಾಡ್ತಿವೆ. ಬುಧವಾರ ಬನ್ನಿ" ಎಂದಳು. ಅಕ್ಕ ಅಳಬೇಕೋ ನಗಬೇಕೋ ತೋರದೆ, ದಾರವನ್ನು ಹಲ್ಲಿನಿಂದ ಕಡಿದು, ಮೂವರಿಗೂ ಟೀ ತರಿಸಿದರು. ಬಾಗಿಲ ಮರೆಯಲ್ಲಿ ನಾನಿರುವುದು ಆಗ ಗೊತ್ತಾಗಿ ನಾಲ್ಕಾಯಿತು.

ಇಷ್ಟಾದ ಮೇಲೆ ಮೇಷ್ಟ್ರು ಬದಲಾದರೆಂದು ನಾನು ಹೇಳಿದರೆ ಅವರ ಶಿಷ್ಯರು ಯಾರೂ ನಂಬಲಾರರು. ಪಾಠ ಹಾಗೆಯೇ ನಡೆಯಿತು. ಅಕ್ಕ ಮುಂದಿನ ತಿಂಗಳೇ, ಮೊಣಕೈ ನೋವು ಪೂರ್ತಿ ಹೋಗಿಬಿಟ್ಟರೆ ಎಂದೇನೋ ಹೇಳಲು ಹೊರಟಾಗ ಮೇಷ್ಟ್ರ ಬೆರಳು ಏಳತೊಡಗಿತಂತೆ. ಅಕ್ಕ ಅಳತೆಯ ಟೇಪಿನಿಂದ ಅದರ ಮೇಲೆ ಹೊಡೆದರಂತೆ. ಬೇಕರಿಯವನು ಎರಡನೆಯ ಸಲಕ್ಕೆ ಪಾಸಾಗಿ ಹಡಗು ಹತ್ತಿದ. ನರ್ಸಮ್ಮನ ವಿಂಗಡಣೆಯಿಂದ ಬಲ ಜೇಬು ಉಬ್ಬಿ, ತಿಂಗಳ ಕೆಲಸ ವಿಪರೀತವಾಗಿ, ಅರವತ್ತೆರಡನೆಯ ವಯಸ್ಸಿನಲ್ಲಿ ಮೇಷ್ಟ್ರು ಕೊಳಲಿನ ಮೇಷ್ಟ್ರೊಬ್ಬರನ್ನು ಹುಡುಕಿಕೊಂಡು ಅಲೆಯುವಂತಾಯಿತು. ಗೋಡೆಯಾಚೆಯಿಂದ ಈಗ ಬರುತ್ತಿದ್ದ ಕೊಳಲಿನ ನಾದಕ್ಕೆ ಹೋಲಿಸಿದರೆ ನನ್ನ ಹನ್ನೆರಡು ಯಂತ್ರಗಳೇ ಸಂಗೀತ. ಸಹಿಸಿಕೊಂಡೆ.

ಈ ಜಾತಿಯ ಮನುಷ್ಯರನ್ನು ನಾನು ಇನ್ನೂ ಕೆಲವರನ್ನು ಕಂಡಿದ್ದೇನೆ. ಯಾರಿಗೂ ಹುಸಿ ಭರವಸೆ 
ಕೊಡಬಾರದೆಂದು ಹಟ ತೊಟ್ಟವರು, ಮಾತಿನ ತೂಕದಲ್ಲಿ ಗುಲಗಂಜಿಯಷ್ಟೂ ಮೋಸ ಮಾಡದವರು. ಅವರಿಂದ ಲೋಕಕ್ಕೆ ಉಪಕಾರವಿದೆ. ಆಗದ್ದಕ್ಕೆ ಕಾಯುತ್ತಾ ಕೂತವರನ್ನು ಅವರು ಎಬ್ಬಿಸಿ ಕಳಿಸುತ್ತಾರೆ. ಆದರೆ ಇತರರಿಗೆ ಸುಳ್ಳು ಆಸೆ ಕೊಡದ ಆ ಪ್ರಾಮಾಣಿಕತೆಯಲ್ಲೇ ತಮಗೆ ನ್ಯಾಯವಾಗಿ ಸಲ್ಲಬೇಕಾದ ಆಸೆಯನ್ನೂ ಅವರು ನಿರಾಕರಿಸಿಕೊಂಡುಬಿಡುತ್ತಾರೆ. ಹೆದರಿಕೆಯನ್ನು ಅವರು ವಿವೇಕವೆಂದು ಕರೆಯುತ್ತಾರೆ, ಅದಕ್ಕೆ ಆಧಾರವನ್ನೂ ತೋರಿಸುತ್ತಾರೆ, ಮತ್ತು ಅವರ ತರ್ಕದಲ್ಲಿ ನೀವು ಒಂದು ಲೋಪವನ್ನೂ ಹುಡುಕಲಾರಿರಿ. ಅಂಥವರ ಜೊತೆ ವಾದಕ್ಕೆ ಇಳಿಯಬಾರದು. ತೋಳು ಹಿಡಿದು ಎಬ್ಬಿಸಿ, ಕೋಟು ತೊಡಿಸಿ, ಅವರಿಗೆ ಬೇಕಾದವರು ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಸರಿಯಾಗಿ ಮನೆಯಿಂದ ಆಚೆಗೆ ದಬ್ಬಬೇಕು.